ಪ್ರಿಂಟರಿನ ಬಚ್ಚಲುಗುಂಡಿ

ಪ್ರಿಂಟರ್ ರಿಪೇರಿಯವನ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಬಂಟ್ವಾಳದ ನನ್ನ ಅಂಗಡಿಯಲ್ಲಿ ಒಂದು ವಾರ ಕೂರಬೇಕು. ನಗುವನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ, ಅದಾಗಿಯೇ ಫೋನ್ ಮಾಡಿ ಕರೆಯುತ್ತದೆ.

ಮೊದಲು ವಿಷಯ ತಿಳಿದಿರಲಿ. ಇಂಕ್‌ಜೆಟ್ ಪ್ರಿಂಟರ್ ಆಗಾಗ ತನ್ನ ಮೂತಿ ತೊಳೆದುಕೊಳ್ಳುತ್ತದೆ. ತೊಳೆದ ಇಂಕು ಕೆಳಗಡೆ ಅಡಗಿರುವ ಒಂದು ಸ್ಪಂಜಿಗೆ ಇಳಿಯುತ್ತದೆ. ಎಷ್ಟು ಇಳಿಯಿತೆಂದು ಪ್ರಿಂಟರೇ ಲೆಕ್ಕ ಇಡುತ್ತದೆ. ಲೆಕ್ಕ ತುಂಬಿದ ದಿನ ಎರಡು ಕೆಂಪು ದೀಪ ಮಿಣುಕಿಸಿ ಮುಷ್ಕರ ಹೂಡುತ್ತದೆ. ಸ್ಪಂಜು ಬದಲಿಸಿ, ಲ್ಯಾಪ್‌ಟಾಪ್ ಜೋಡಿಸಿ, ಆ ಲೆಕ್ಕವನ್ನು ಸೊನ್ನೆಗೆ ತಂದರೆ ಮತ್ತೆ ಓಡುತ್ತದೆ. ಇಷ್ಟೇ ಕಥೆ. "ನಿಮ್ಮ ಪ್ರಿಂಟರಿನ ಬಚ್ಚಲುಗುಂಡಿ ತುಂಬಿದೆ" ಎಂದು ಹೇಳುವುದು ನನ್ನ ಕೆಲಸ, ನಂಬದೆ ಇರುವುದು ಗಿರಾಕಿಗಳ ಕೆಲಸ. ಇಬ್ಬರೂ ನಮ್ಮ ನಮ್ಮ ಕೆಲಸ ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದೇವೆ.

ಬಗೆಹರಿದ ಸಮಸ್ಯೆ

ಬೆಳ್ತಂಗಡಿ ಕಡೆಯ ಒಂದು ಕಚೇರಿಯಿಂದ ಗುಮಾಸ್ತರು ಫೋನ್ ಮಾಡಿ ಕೆಂಪು ದೀಪದ ವಿಷಯ ಹೇಳಿದರು. ನಾನು ಬಚ್ಚಲುಗುಂಡಿಯ ವಿಷಯ ಹೇಳಿದೆ. ಅವರು ಸಾಹೇಬರನ್ನು ಕೇಳಿ ಹೇಳುತ್ತೇನೆಂದರು. ನಮ್ಮ ಕಚೇರಿಯಲ್ಲಿ ಕೊಳೆ ತುಂಬಿದ ವಸ್ತು ಯಾವುದೂ ಇಲ್ಲ ಎಂದು ಸಾಹೇಬರು ಖಡಾಖಂಡಿತ ಹೇಳಿದರಂತೆ. ಹೇಳಲೇಬೇಕು, ಬಾಗಿಲ ಪಕ್ಕದಲ್ಲೇ ಅವರು ಪೊರಕೆ ಹಿಡಿದು ನಿಂತ ದೊಡ್ಡ ಫೋಟೋ ಉಂಟು. ಫೋಟೋದಲ್ಲಿ ಅವರು ಗುಡಿಸುವ ಜಾಗದಲ್ಲಿ ಒಂದು ಎಲೆಯೂ ಬಿದ್ದಿಲ್ಲ.

ಕೆಲವು ದಿನ ಸುದ್ದಿಯಿಲ್ಲ. ಮಡಂತ್ಯಾರಿನಲ್ಲಿ ಬೇರೆ ಕೆಲಸ ಮುಗಿಸಿದವನು ಮುಂದೆ ಹೋಗಿ ಆ ಕಚೇರಿಗೂ ಇಣುಕಿದೆ. ಪ್ರಿಂಟರ್ ಆನ್ ಆಗಿದೆ, ಕೆಂಪು ದೀಪ ಕಾಣುವುದಿಲ್ಲ. ನನಗಿಂತ ಬುದ್ಧಿವಂತ ಯಾರೋ ಬಂದು ಹೋಗಿದ್ದಾರೆ ಎಂದು ಸ್ವಲ್ಪ ಹೊಟ್ಟೆಯುರಿಯೇ ಆಯಿತು. ಹತ್ತಿರ ಹೋಗಿ ನೋಡಿದರೆ ಎರಡೂ ದೀಪಗಳ ಮೇಲೆ ಕಪ್ಪು ಇನ್ಸುಲೇಶನ್ ಟೇಪು.

ಯಾರು ಮಾಡಿದ್ದೆಂದು ಕೇಳಿದೆ. ಗುಮಾಸ್ತರು ಹೆಮ್ಮೆಯಿಂದ ಹೇಳಿದರು: "ನಾವೇ. ಮೇಲಿನಿಂದ ತನಿಖೆಗೆ ಬಂದಿದ್ರು, ಎಲ್ಲ ಸರಿ ಉಂಟು ಅಂತ ಬರೆದು ಹೋದ್ರು. ಈಗ ತೊಂದರೆ ಎಂತದೂ ಇಲ್ಲ. ಪ್ರಿಂಟ್ ಒಂದು ಬರುವುದಿಲ್ಲ."

ನಿತ್ಯ ಸ್ನಾನ

ಮೂಡುಬಿದಿರೆಯ ನಿವೃತ್ತ ಹೆಡ್‌ಮಾಸ್ಟರೊಬ್ಬರು ತಮ್ಮ ಆತ್ಮಕಥೆ ಅಚ್ಚು ಮಾಡಲು ಪ್ರಿಂಟರ್ ಕೊಂಡಿದ್ದರು. ಒಂದು ವರ್ಷವಾಗುವ ಮೊದಲೇ ಸ್ಪಂಜು ತುಂಬಿತು. ಅಂಗಡಿಗಳಲ್ಲಿ ದಿನವಿಡೀ ಓಡುವ ಪ್ರಿಂಟರಿಗೂ ಅಷ್ಟು ಬೇಗ ತುಂಬುವುದಿಲ್ಲ. ಇವರ ಆತ್ಮಕಥೆ ಬಹಳ ದೊಡ್ಡದಿರಬೇಕು ಅಂದುಕೊಂಡೆ. ನೋಡಿದರೆ, ಪ್ರಿಂಟರಿನೊಟ್ಟಿಗೆ ತಂದ ಕಾಗದದ ಕಟ್ಟಿನ ಹೊದಿಕೆಯನ್ನೇ ಬಿಚ್ಚಿಲ್ಲ.

ವಿಚಾರಿಸಿದಾಗ ಗೊತ್ತಾಯಿತು. ಮಾಸ್ಟರು ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಪ್ರಿಂಟರಿಗೂ ಸ್ನಾನ ಮಾಡಿಸುತ್ತಿದ್ದರು. ಹೆಡ್ ಕ್ಲೀನಿಂಗ್ ಎಂಬ ಗುಂಡಿ ಒತ್ತಿ, ಅದು ಗುರುಗುರು ಅಂದು ಮುಗಿಸಿದ ಮೇಲೆ ಮತ್ತೊಮ್ಮೆ ಒತ್ತುತ್ತಿದ್ದರು. ಮಧ್ಯಾಹ್ನ ಸೆಕೆ ಜಾಸ್ತಿಯಾದರೆ ಇನ್ನೊಂದು ಸಲ. ಪ್ರಿಂಟರಿನ ತೊಟ್ಟಿಗೆ ತುಂಬಿದ ಇಂಕು ಹಾಗೆ ಹಾಗೆಯೇ ಸ್ಪಂಜಿಗೆ ಇಳಿದಿತ್ತು. ಅಷ್ಟು ಇಂಕಿನಲ್ಲಿ ಒಂದು ಅಕ್ಷರವೂ ಕಾಗದ ಕಂಡಿರಲಿಲ್ಲ.

ಹೀಗೆ ತೊಳೆಯುವ ಬದಲು ದಿನಾ ಒಂದು ಹಾಳೆ ಪ್ರಿಂಟ್ ಮಾಡಿದರೆ ಸಾಕಿತ್ತು ಎಂದು ವಿನಯದಿಂದ ಹೇಳಿದೆ. ಮಾಸ್ಟರು ಕನ್ನಡಕ ಸರಿಮಾಡಿಕೊಂಡು, ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಪ್ರಿಂಟ್ ಮಾಡಿದರೆ ಅದು ಕೊಳೆ ಆಗ್ತದಲ್ಲ ಮಾರಾಯ."

ಫಾರಿನ್ ಇಂಕು

ದುಬೈಯಿಂದ ಊರಿಗೆ ಬಂದು ಕಲ್ಲಡ್ಕದಲ್ಲಿ ಅಂಗಡಿ ಇಟ್ಟ ಸಾಹುಕಾರರು ಒಬ್ಬರಿದ್ದಾರೆ. ಒಳ್ಳೆಯ ಮನುಷ್ಯ, ಹೋದವರಿಗೆ ಚಹಾ ಕುಡಿಸದೆ ಬಿಡುವವರಲ್ಲ. ಆದರೆ ಚಹಾದಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲವನ್ನೂ ದುಬೈಗೆ ಹೋಲಿಸುತ್ತಾರೆ. ಅಲ್ಲಿಂದ ತಂದ ಪ್ರಿಂಟರಿನಲ್ಲಿ ಕೆಂಪು ದೀಪ ಬಂದಾಗ ನನ್ನನ್ನು ಕರೆಸಿ, ಇದು ಇಲ್ಲಿನ ಕರೆಂಟಿನ ದೋಷ ಎಂದರು. ಆಮೇಲೆ ಇಲ್ಲಿನ ಧೂಳು, ಇಲ್ಲಿನ ಮಳೆ, ಇಲ್ಲಿನ ಕಾಗದ ಎಲ್ಲಕ್ಕೂ ಒಂದೊಂದು ಪಾಲು ಹಂಚಿದರು. ದುಬೈಯ ಕಂಪೆನಿಯಲ್ಲಿ ಅಷ್ಟು ಪ್ರಿಂಟರ್ ಇದ್ದರೂ ಒಂದನ್ನೂ ರಿಪೇರಿ ಮಾಡಿದ್ದು ಅವರು ನೋಡಿಲ್ಲವಂತೆ.

"ಕೆಂಪು ದೀಪ ಬಂದರೆ ಎಂತ ಮಾಡ್ತಾರೆ ಅಲ್ಲಿ?" ಎಂದು ಕೇಳಿದೆ.

"ಬಿಸಾಡ್ತಾರೆ. ಬೇರೆ ತರ್ತಾರೆ."

"ಹಾಗಾದರೆ ಇದು?"

ಸಾಹುಕಾರರು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು. "ಇದನ್ನು ದೀಪ ಬರುವ ಮೊದಲೇ ಬಿಸಾಡಿದ್ರು, ಒಳ್ಳೆಯದೇ ಇತ್ತು, ನಾನು ಎತ್ತಿಕೊಂಡು ಬಂದೆ" ಎಂದರು.

ಬಿಚ್ಚಿ ತೋರಿಸಿದೆ. ಸ್ಪಂಜು ದಪ್ಪವಾಗಿ, ಕಪ್ಪಗೆ, ಎಮ್ಮೆಯ ಬೆನ್ನಿನ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಇದರಲ್ಲಿ ಹೆಚ್ಚಿನ ಪಾಲು ಅಲ್ಲಿಯ ಕೊಳೆ, ನೀವು ವಿಮಾನದಲ್ಲಿ ಹೊತ್ತು ತಂದದ್ದು ಎಂದು ಬಿಡಿಸಿ ಹೇಳಿದೆ. ಈಗಲಾದರೂ ಮನುಷ್ಯನಿಗೆ ನಾಚಿಕೆಯಾದೀತು ಎಂದು ನನ್ನ ಆಸೆ. ಸಾಹುಕಾರರು ಸ್ಪಂಜನ್ನು ಗೌರವದಿಂದ ನೋಡಿ, ಒಳಗಿನಿಂದ ಒಂದು ಖಾಲಿ ಬಾಟಲಿ ತಂದರು.

"ಅಲ್ಲಿಯ ಇಂಕು ಅಲ್ವಾ, ಸುಮ್ಮನೆ ಚೆಲ್ಲಬೇಡ. ಇದಕ್ಕೆ ಹಿಂಡಿ ಕೊಡು."

ಮದುವೆ ನಿಲ್ಲಿಸಿದ ಸ್ಪಂಜು

ಮೂಡುಬಿದಿರೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ ನನಗೆ ಪರಿಚಯ. ಅಲ್ಲಿನ ಪ್ರಿಂಟರ್ ನೋಡುವವನು ನಾನೇ. ಒಂದು ಭಾನುವಾರ ಅವಳ ಫೋನ್ ಬಂತು. "ಅಣ್ಣ, ಸಿದ್ಧಕಟ್ಟೆಗೆ ಬೇಗ ಬನ್ನಿ. ಜೋಯಿಸರ ಮನೆಯ ಪ್ರಿಂಟರ್ ನಿಂತಿದೆ. ಅದರೊಟ್ಟಿಗೆ ನನ್ನ ಮದುವೆಯೂ ನಿಂತಿದೆ."

ಅವಳೂ ಹುಡುಗನೂ ಒಬ್ಬರನ್ನೊಬ್ಬರು ಮೆಚ್ಚಿ, ಎರಡೂ ಮನೆಯವರ ಕೈಕಾಲು ಹಿಡಿದು, ಜಾತಕದವರೆಗೆ ವಿಷಯ ತಂದಿದ್ದರು. ಜಾತಕವೂ ಕೂಡಿತ್ತು. ಜೋಯಿಸರು ತಮ್ಮ ಮನೆಯಲ್ಲಿ ಸೇರಿದ ಎರಡೂ ಕಡೆಯವರ ಎದುರಿಗೆ ಕಂಪ್ಯೂಟರಿನಲ್ಲಿ ಗುಣಿಸಿ ಪ್ರಿಂಟ್ ಒತ್ತಿದರು. ಮೊದಲ ಹಾಳೆ ಬಂತು. ಅದರ ಕೊನೆಯ ಸಾಲು 'ವರನ ಆಯುಷ್ಯ'. ಎಷ್ಟೆಂಬುದು ಎರಡನೆಯ ಹಾಳೆಯಲ್ಲಿ. ಎರಡನೆಯ ಹಾಳೆ ಬರಲಿಲ್ಲ. ಕೆಂಪು ದೀಪ ಬಂತು. ಒಳಗಿನ ಭಾಗಗಳ ಆಯುಸ್ಸು ಮುಗಿದಿದೆ ಎಂದು ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ಬಂತು. ಬೇರೆ ಯಾರಿಗಾದರೂ ಅರ್ಥವಾಗದೆ ಹೋಗುತ್ತಿತ್ತೋ ಏನೋ, ಹುಡುಗನ ಸೋದರಮಾವ ಬೊಂಬಾಯಿಯಲ್ಲಿ ಹೋಟೆಲು ನಡೆಸಿದವರು, ಗಟ್ಟಿಯಾಗಿ ಓದಿ ಅರ್ಥವನ್ನೂ ಹೇಳಿಬಿಟ್ಟರು. ನಮ್ಮ ಕಡೆ ಮದುವೆಗೆ ಅಪ್ಪ ಹೂಂ ಅಂದರೆ ಅರ್ಧ ಹೂಂ, ಸೋದರಮಾವನೂ ಹೂಂ ಅಂದರೇ ಪೂರ್ತಿ. ಆ ಮಾವ ಎದ್ದು ಜಗಲಿಯ ಕೊನೆಯಲ್ಲಿ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು.

ನಾನು ಬಿಚ್ಚಿ ನೋಡಿದೆ. ಹಿಂದೆ ಬಂದ ಯಾವನೋ ಪುಣ್ಯಾತ್ಮ ಸ್ಪಂಜು ಮುಟ್ಟದೆ ಲೆಕ್ಕ ಮಾತ್ರ ಸೊನ್ನೆ ಮಾಡಿ ಹೋಗಿದ್ದ. ಇಂಕು ಸೋರಿ ಕೆಳಗಿನ ಮಣೆಯೂ ಕಪ್ಪಾಗಿತ್ತು. ಆ ಸ್ಪಂಜನ್ನು ಹಾಳೆಯ ಮೇಲಿಟ್ಟುಕೊಂಡು ಹೋಗಿ ಮಾವನಿಗೆ ತೋರಿಸಿದೆ. ಇದು ಪ್ರಿಂಟರಿನ ಬಚ್ಚಲುಗುಂಡಿ, ತುಂಬಿದೆ, ಹುಡುಗನಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಮತ್ತೆ ಮತ್ತೆ ಹೇಳಿದೆ. ಅವರು ಸ್ಪಂಜು ನೋಡಲಿಲ್ಲ. ನನ್ನನ್ನು ನೋಡಿದರು. "ನಿಮ್ಮನ್ನು ಕರೆಸಿದ್ದು ಹುಡುಗಿಯ ಕಡೆಯವರಲ್ವಾ?" ಎಂದರು.

ಹುಡುಗಿಗೆ ತಡೆಯಲಿಲ್ಲ. "ಮಾವ, ನಿಂತದ್ದು ಪ್ರಿಂಟರ್. ನಿಮ್ಮ ಅಳಿಯ ಅಗೋ ಅಲ್ಲಿ ಇದ್ದಾರೆ, ಅವರಿಗೆ ಎಂತ ಆಗಿದೆ?" ಎಂದಳು. ಹುಡುಗ ಚೆನ್ನಾಗಿಯೇ ಇದ್ದ, ಸ್ವಲ್ಪ ಬೆವರಿದ್ದ ಅಷ್ಟೆ. ಮಾವ ಕದಲಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು. ಒಂದು ತುಂಡು ಸ್ಪಂಜಿನಿಂದ ಆ ಮಗುವಿನ ಮದುವೆ ಮುರಿಯುವುದೆಂದರೆ ಏನು.

ಸುಮ್ಮನೆ ಒಳಗೆ ಹೋಗಿ ಸ್ಪಂಜು ಬದಲಿಸಿ ಲೆಕ್ಕ ಸೊನ್ನೆಗೆ ತಂದೆ. ಎರಡನೆಯ ಹಾಳೆ ಸರಾಗ ಬಂತು. ಹುಡುಗನಿಗೆ ದೀರ್ಘಾಯುಷ್ಯ. ಜೋಯಿಸರು ಅದನ್ನು ಓದಿ, ಕಣ್ಣು ಮುಚ್ಚಿ ತೆರೆದು, ಗಂಭೀರವಾಗಿ ಅಪ್ಪಣೆ ಕೊಡಿಸಿದರು: "ದೋಷ ವರನದ್ದಲ್ಲ. ಯಂತ್ರದಲ್ಲಿ ಮಾಲಿನ್ಯ ಸಂಚಯ ಆಗಿತ್ತು. ಈಗ ನಿವಾರಣೆ ಆಗಿದೆ."

ಮಾವ ಕೂಡಲೇ ಎದ್ದು ಒಳಗೆ ಬಂದರು. "ಹೀಗೆ ಬಿಡಿಸಿ ಹೇಳಿದರೆ ನಮಗೆ ಅರ್ಥ ಆಗ್ತದೆ" ಎಂದು ನನಗೆ ಹೇಳಿದರು. ವೀಳ್ಯ ಬದಲಾಗಿ ಮದುವೆ ನಿಶ್ಚಯವಾಯಿತು. ಹುಡುಗಿ ಕಣ್ಣೊರೆಸಿಕೊಂಡಳು.

ಅಲ್ಲಿಗೆ ಮುಗಿಯಬೇಕಿತ್ತು. ಪಾಯಸದ ಲೋಟ ಕೈಯಲ್ಲಿದ್ದಾಗ ಮಾವನಿಗೆ ಏನೋ ಹೊಳೆಯಿತು. ತನ್ನ ಮಗಳ ಜಾತಕ ತೆಗೆದದ್ದೂ ಇದೇ ಪ್ರಿಂಟರಿನಲ್ಲಿ, ಅವಳಿಗೂ ಗಂಡನಿಗೂ ಈಗ ಮಾತುಕತೆಯಿಲ್ಲ, ಹಾಗಾದರೆ ಅದೂ ಮಾಲಿನ್ಯದ್ದೇ ಅಲ್ಲವೇ ಎಂದು ಜೋಯಿಸರನ್ನು ಕೇಳಿದರು. ಸ್ಪಂಜಿಗೆ ಹೋಗುವುದು ತೊಳೆದ ಇಂಕು, ಹಾಳೆಯಲ್ಲಿ ಬರೆದದ್ದಕ್ಕೆ ಅದು ತಾಗುವುದೇ ಇಲ್ಲ ಎಂದು ನಾನು ಬಾಯಿ ಹಾಕಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಜೋಯಿಸರು ಅಲ್ಲೇ ಮಗಳ ಜಾತಕವನ್ನು ಹೊಸದಾಗಿ ಪ್ರಿಂಟ್ ಮಾಡಿ ಕೊಟ್ಟರು. ಆ ಮಗಳ ಗಂಡ ಆ ವಾರವೇ ಅವಳಿಗೆ ಫೋನ್ ಮಾಡಿದನಂತೆ. ಏನೋ ಕೆಲಸವಿದ್ದು ಮಾಡಿರಬೇಕು. ಆದರೆ ಸುದ್ದಿ ಹಬ್ಬಿತು.

ಕೆಲವು ದಿನ ಕಳೆದು ಜೋಯಿಸರೇ ಫೋನ್ ಮಾಡಿ, ಇನ್ನೊಂದು ಸ್ಪಂಜು ಬೇಕು, ಕೆಲಸ ವಿಪರೀತ ಆಗಿದೆ ಎಂದರು. ಹೋಗಿ ನೋಡಿದರೆ ಜಗಲಿ ತುಂಬ ಜನ, ಎಲ್ಲರ ಕೈಯಲ್ಲೂ ಹಳೆಯ ಜಾತಕ, ಗಂಡಂದಿರನ್ನು ರಿಪೇರಿಗೆ ತಂದವರ ಹಾಗೆ. ಆ ಸಾಲಿನಲ್ಲಿ, ಸೆರಗಿನ ಮರೆಯಲ್ಲಿ ನಮ್ಮಿಬ್ಬರ ಜಾತಕ ಹಿಡಿದು ನನ್ನ ಹೆಂಡತಿ.

ನಾನು ಏನೂ ಕೇಳುವ ಮೊದಲೇ ಅವಳು ಹೇಳಿದಳು: "ಊರಿನವರದ್ದೆಲ್ಲ ಬದಲಿಸ್ತೀರಿ. ನಮ್ಮದು ಇಷ್ಟು ವರ್ಷ ಹಳೇ ಸ್ಪಂಜಿನಲ್ಲೇ ನಡೀತಾ ಉಂಟು."