ದಾಖಲೆಯ ಪ್ರಕಾರ ಬಿಳಿ

ಸಾವಿರದ ಒಂಬೈನೂರ ತೊಂಬತ್ತೈದನೇ ಇಸವಿಯ ಆಷಾಢದಲ್ಲಿ, ಆವತಿ ಬೆಟ್ಟದ ಬುಡದ ಬೂದಿಗುಂಟೆ ಗ್ರಾಮದ ಆರುನೂರ ಹನ್ನೆರಡು ಮಂದಿ ವಯಸ್ಕರೂ ನೀಲಿ ಬಣ್ಣದವರಾಗಿದ್ದರು. ಇದು ಯಾರೋ ಕಟ್ಟಿದ ಮಾತಲ್ಲ. ಮುಖ ನೋಂದಣಿ ಕಚೇರಿಯವರು ಕೊಟ್ಟ ಗುರುತಿನ ಚೀಟಿಯಲ್ಲಿ ಫೋಟೋ ಸಮೇತ ಹಾಗೇ ಇತ್ತು.

ಕಾರಣ ಸಣ್ಣದು. ಫೋಟೋ ಹಿಡಿಯಲು ಬಂದ ದಿನ ಸೋನೆ ಹಿಡಿದಿತ್ತು. ಕ್ಯಾಮೆರಾ ನೆನೆಯಬಾರದೆಂದು ಸ್ಕೂಲಿನ ಮುಂದೆ ನೀಲಿ ಟಾರ್ಪಾಲು ಕಟ್ಟಿದರು. ಟಾರ್ಪಾಲಿನ ನೀಲಿ ಕೆಳಗೆ ಕೂತವರ ಮುಖಕ್ಕಿಳಿಯಿತು, ಮುಖದಿಂದ ಕ್ಯಾಮೆರಾಕ್ಕೆ, ಕ್ಯಾಮೆರಾದಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಚೀಟಿಗೆ. ದಾರಿಯಲ್ಲಿ ಯಾರೂ ತಡೆಯಲಿಲ್ಲ.

ಆ ದಿನ ಇನ್ನೊಂದು ಕೊರತೆಯೂ ಆಗಿತ್ತು. ಕೂತವರ ಬೆನ್ನ ಹಿಂದೆ ಕಟ್ಟಬೇಕಾದ ಬಿಳಿ ಬಟ್ಟೆಯನ್ನು ಕಚೇರಿಯವರು ಮರೆತು ಬಂದಿದ್ದರು. ಆಗ ಹೆಗಲ ಮೇಲಿನ ಪಂಚೆ ತೆಗೆದು ಕೊಟ್ಟವನೇ ಪಿಳ್ಳಣ್ಣ.

ಪಿಳ್ಳಣ್ಣನಿಗೆ ಎರಡೆಕರೆ ರಾಗಿ ಹೊಲ, ಒಂದು ಜೊತೆ ಎತ್ತು, ಮಾರಕ್ಕ ಅನ್ನೋ ಹೆಂಡತಿ ಎಲ್ಲ ಇದ್ದರೂ ಅವನು ಆಸ್ತಿ ಅಂತ ಹೇಳಿಕೊಳ್ಳುತ್ತಿದ್ದುದು ಆ ಪಂಚೆಯನ್ನು. ಅಂಥ ಬಿಳುಪು ಮೂರು ಹೋಬಳಿಯಲ್ಲಿರಲಿಲ್ಲ. ಒಂದು ಸಲ ನಂದಗುಡಿ ಕಡೆಯ ಕೆರೆ ಏರಿ ಮೇಲೆ ಒಣಹಾಕಿದ್ದಾಗ ನಲವತ್ತು ಬೆಳ್ಳಕ್ಕಿ ಬಂದು, ತಮ್ಮ ಹಿರೀಕ ಸತ್ತು ಬಿದ್ದಿದ್ದಾನೆಂದು ಸುತ್ತ ಕೂತು ಸಂಜೆತನಕ ಏಳಲಿಲ್ಲ. ದೇವನಹಳ್ಳಿ ಸಂತೆಯಲ್ಲಿ ಅವನು ಹೆಗಲು ತಿರುಗಿಸಿದ ಕಡೆ ಚಕ್ಕೋತ ಮಾರುವವರು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು. "ನಿನ್ನೆಂಡ್ತಿ ನೀಲಿ ಹಾಕ್ತಾಳೆ ಬಿಡೋ" ಅಂತ ಯಾರಾದರೂ ಅಂದರೆ ಪಿಳ್ಳಣ್ಣ ಕನಿಕರದಿಂದ ನಗುತ್ತಿದ್ದ. "ನೀಲಿ ಅದ್ದೋದು ಬಣ್ಣ ಸತ್ತ ಬಟ್ಟೆಗೆ ಕಣ್ಲಾ. ಇದು ಬೆಟ್ಟದ ದೊಣೆ ನೀರಲ್ಲಿ ಒಗೆದಿದ್ದು. ಹುಟ್ಟಾ ಬಿಳಿ."

ಚೀಟಿ ಬಂದ ಮಾರನೇ ದಿನ ಪಿಳ್ಳಣ್ಣ ಸೀಮೆಎಣ್ಣೆಗೆ ಸೊಸೈಟಿಗೆ ಹೋದ. ಎಣ್ಣೆ ಅಳೆಯುವ ಜವರಪ್ಪ ಕನ್ನಡಕ ಹಾಕಿಕೊಂಡು ಚೀಟಿ ನೋಡಿದ, ಆಮೇಲೆ ಪಿಳ್ಳಣ್ಣನನ್ನು ನೋಡಿದ.

"ಇದ್ರಲ್ಲಿರೋನು ನೀಲಿ. ನೀನು ಕರ್ರಗಿದ್ದೀಯ."

"ನಾನೇ ಕಣ್ಲಾ ಜವರ. ನಿನ್ ಜೊತೆ ಎಮ್ಮೆ ಕಾದಿಲ್ವಾ?"

"ಕಾದಿದ್ದೀಯ. ಆ ಎಮ್ಮೇನೇ ಎದ್ದು ಬಂದು ಸಾಕ್ಷಿ ಹೇಳಿದ್ರೂ ಕೊಡಕ್ಕಾಗಲ್ಲ. ಮುಖಕ್ಕೂ ಚೀಟಿಗೂ ತಾಳೆಯಾಗ್ಬೇಕು. ನಾಲ್ಕನೇ ರೂಲ್ಸು."

ಹದಿನೈದು ದಿನ ಬೂದಿಗುಂಟೆಯಲ್ಲಿ ಬುಡ್ಡಿಯೂ ಒಣಗಿತು, ಸ್ಟವ್ವೂ ಒಣಗಿತು. ದೂರು ಹೋಯಿತು. ಮುಖ ನೋಂದಣಿ ವಿಶೇಷಾಧಿಕಾರಿ ವೆಂಕಟರಾಮಪ್ಪನವರು ಜೀಪಿನಲ್ಲಿ ಕಂಪ್ಯೂಟರನ್ನೂ, ಅದನ್ನು ನಡೆಸಲು ಬೆಂಗಳೂರಿನ ಅನಿಲ್‌ಕುಮಾರನನ್ನೂ ಕೂರಿಸಿಕೊಂಡು ಬಂದರು. ಸ್ಕೂಲಿನ ಜಗುಲಿಯಲ್ಲಿ ಅನಿಲ್‌ಕುಮಾರ ಕಂಪ್ಯೂಟರಿನೊಳಗೆ ಒಂದು ಚೌಕ ತೆರೆದ. ಚೌಕದಲ್ಲಿ ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ.

"ಇದು ನೀಲಿ ಗೆರೆ ಸಾರ್. ನಡುವೆ ಹಿಡ್ಕೊಂಡು ಕೆಳಕ್ಕೆ ಬಗ್ಗಿಸಿದ್ರೆ ಫೋಟೋದಲ್ಲಿರೋ ನೀಲಿ ಇಳಿಯುತ್ತೆ. ಎಷ್ಟು ಬಗ್ಗಿಸ್ಬೇಕು ಅಂತ ಗೊತ್ತಾಗಕ್ಕೆ, ನಿಜವಾಗ್ಲೂ ಬಿಳಿಯಾಗಿರೋದು ಏನಾದ್ರೂ ಫೋಟೋದಲ್ಲಿರ್ಬೇಕು. ಅದು ಬಿಳಿಯಾಗೋವರೆಗೂ ಬಗ್ಗಿಸಿದ್ರೆ ಮುಖ ತಾನಾಗೇ ಸರಿಹೋಗುತ್ತೆ."

ವೆಂಕಟರಾಮಪ್ಪನವರು ಗೆರೆಯನ್ನೇ ನೋಡಿದರು. "ಇದನ್ನ ಹಿಂಗೆ ನೆಟ್ಟಗೆ ಎಳೆದಿರೋರು ಯಾರು?"

"ಕಂಪ್ಯೂಟರ್ ಮಾಡ್ದೋರು ಸಾರ್."

"ಮೇಲಿನೋರು ನೆಟ್ಟಗೆ ಎಳೆದಿದ್ದನ್ನ ನಾವು ಬಗ್ಗಿಸ್ಬೇಕಾದ್ರೆ ಆರ್ಡರ್ ಬೇಕಲ್ಲಪ್ಪ."

ಆರ್ಡರ್ ಬಂತು. "ಗೆರೆಯನ್ನು ಮೂರು ಬೆರಳಿಗೆ ಮೀರಿ ಬಗ್ಗಿಸತಕ್ಕದ್ದಲ್ಲ. ಬೆರಳು ಎಂದರೆ ವಿಶೇಷಾಧಿಕಾರಿಯ ಬೆರಳು ಎಂದು ತಿಳಿಯತಕ್ಕದ್ದು. ಬಿಳಿಯೆಂದು ಹೇಳಲಾದ ವಸ್ತುವಿನ ಮಾಲೀಕನಿಂದ, ಅದು ಬಿಳಿಯೆಂಬ ಬಗ್ಗೆ ಮುಚ್ಚಳಿಕೆ ಬರೆಸಿಕೊಳ್ಳತಕ್ಕದ್ದು."

ಆರುನೂರ ಹನ್ನೆರಡು ಫೋಟೋದಲ್ಲೂ ಇದ್ದ ಬಿಳಿ ವಸ್ತು ಒಂದೇ, ಪಿಳ್ಳಣ್ಣನ ಪಂಚೆ. ಊರೆಲ್ಲ ನೆರೆದಿದ್ದಾಗ ವೆಂಕಟರಾಮಪ್ಪನವರು ಮುಚ್ಚಳಿಕೆ ಓದಿದರು. "ಸದರಿ ಪಂಚೆಯು ಹುಟ್ಟಾ ಬಿಳಿಯಾಗಿದ್ದು, ಇದಕ್ಕೆ ನೀಲಿ, ಗಂಜಿ, ಮತ್ತಿತರ ಯಾವುದನ್ನೂ ಹಾಕಿರುವುದಿಲ್ಲ."

ಪ್ರತಿ ಮಂಗಳವಾರ ಮಾರಕ್ಕ ಚಿಂದಿಯಲ್ಲಿ ನೀಲಿ ಪುಡಿ ಗಂಟು ಕಟ್ಟಿ ಬಕೆಟ್ಟಿನಲ್ಲಿ ಆಡಿಸುವುದು ಪಿಳ್ಳಣ್ಣನಿಗೆ ಗೊತ್ತಿತ್ತು. ಆ ಹೊತ್ತು ಬಾಗಿಲು ಹಾಕಿಕೊಳ್ಳುತ್ತಿದ್ದವನೇ ಅವನು. ಈಗ ಇದ್ದದ್ದು ಹೇಳಿದರೆ ನಲವತ್ತು ಬೆಳ್ಳಕ್ಕಿಯೂ ಒಟ್ಟಿಗೆ ಹಾರಿಹೋಗುತ್ತವೆ. ಅವನು ಹೆಂಡತಿಯ ಕಡೆ ನೋಡದೆ ಹೆಬ್ಬೆಟ್ಟು ಒತ್ತಿದ.

ಅನಿಲ್‌ಕುಮಾರ ಗೆರೆ ಬಗ್ಗಿಸಿದ. ಒಂದೊಂದು ಫೋಟೋಗೂ ವೆಂಕಟರಾಮಪ್ಪನವರು ಗಾಜಿನ ಮೇಲೆ ಮೂರು ಬೆರಳಿಟ್ಟು ಅಳೆದರು. ಒಂಬತ್ತು ದಿನವಾಯಿತು. ಪಂಚೆ ಮಲ್ಲಿಗೆ ಮೊಗ್ಗಿನ ಬಿಳುಪಿಗೆ ಬಂತು. ಮುಖಗಳು ಮಾತ್ರ ಅರಿಶಿನ ಕೊಂಬಿನ ಬಣ್ಣಕ್ಕೆ ತಿರುಗಿದವು. ಚೀಟಿಗೆ ಪ್ಲಾಸ್ಟಿಕ್ ಅಂಟಿಸಿಯಾದ ಮೇಲೆಯೇ ಎಲ್ಲರ ಕಣ್ಣಿಗೂ ಬಿದ್ದದ್ದು. ಆಸ್ಪತ್ರೆಯಿಂದ ಬಂದ ನರ್ಸಮ್ಮ ಚೀಟಿಗಳನ್ನು ನೋಡಿ, ಊರಿಗೆ ಊರೇ ಕಾಮಾಲೆ ಅಂತ ಬರೆದುಕೊಂಡು ಹೋದಳು.

"ಇದ್ರಲ್ಲಿರೋನು ಹಳದಿ" ಎಂದ ಜವರಪ್ಪ. "ನೀನು ಇನ್ನೂ ಕರ್ರಗೇ ಇದ್ದೀಯ."

ಅನಿಲ್‌ಕುಮಾರ ಒಂದು ಮಧ್ಯಾಹ್ನವೆಲ್ಲ ಯೋಚಿಸಿ ಪಿಳ್ಳಣ್ಣನನ್ನು ಪಕ್ಕಕ್ಕೆ ಕರೆದ. "ತಾತ, ನಿಜ ಹೇಳಿ. ಆ ಪಂಚೆಗೆ ಒಂಚೂರು ನೀಲಿ ಬಿದ್ದಿತ್ತಾ? ಬಟ್ಟೇಲಿದ್ದ ನೀಲೀನೂ ಟಾರ್ಪಾಲಿಂದೇ ಅಂದ್ಕೊಂಡು ನಾನು ಜಾಸ್ತಿ ಇಳಿಸ್ಬಿಟ್ಟಿದ್ದೀನಿ. ಅದಕ್ಕೇ ಮುಖ ಹಳದಿ."

"ಬೆಳ್ಳಕ್ಕಿಗೆ ಯಾರಾದ್ರೂ ನೀಲಿ ಹಾಕ್ತಾರೇನಪ್ಪಾ?" ಎಂದು ಪಿಳ್ಳಣ್ಣ ಮನೆಗೆ ನಡೆದ.

ಮನೆಯಲ್ಲಿ ಮಾರಕ್ಕ ಹಸಿ ಸೌದೆ ಊದುತ್ತಿದ್ದಳು. ಕಣ್ಣು ಕೆಂಡವಾಗಿತ್ತು. "ಒಂದು ತಿಂಗಳಾಯ್ತು ಹೊಗೆ ಕುಡ್ದು. ಪಕ್ಕದ ಮನೆ ಮಗು ಕೆಮ್ಮಿ ಕೆಮ್ಮಿ ಸಾಯ್ತಾ ಅದೆ. ಹೋಗಿ ಹೇಳ್ಬಿಡಿ, ನನ್ನೆಂಡ್ತಿ ಹಾಕಿದ್ಲು ಅಂತ."

"ಬೆಳ್ಳಕ್ಕಿ ಕತೆ ಏನಾಗ್ಬೇಕು?"

"ಬೆಳ್ಳಕ್ಕಿ ಬಂದು ಒಲೆ ಹಚ್ಚುತ್ತಾ?"

ಪಿಳ್ಳಣ್ಣ ಮೂಲೆಯಲ್ಲಿ ಕೂತು ಪಕ್ಕದ ಮನೆಯ ಕೆಮ್ಮನ್ನು ಎಣಿಸಿದ. ಇಪ್ಪತ್ತನೇ ಕೆಮ್ಮಿಗೆ ಎದ್ದ. ಸ್ಕೂಲಿನ ಜಗುಲಿಯ ಮುಂದೆ ಊರವರೆಲ್ಲ ಇದ್ದಾಗಲೇ ನಿಂತು, ಹುಟ್ಟಿದ ಮೇಲೆ ಮೊದಲನೇ ಸಲ, ಇದ್ದದ್ದನ್ನು ಇದ್ದಷ್ಟೇ ಹೇಳಿದ. "ಸ್ವಾಮಿ, ನಮ್ಮ ಪಂಚೆ ಬಿಳಿಯಲ್ಲ. ನೀಲಿ ಹಾಕಿತ್ತು. ಬೆಳ್ಳಕ್ಕೀನೂ ಬಂದಿರ್ಲಿಲ್ಲ."

ಯಾರೂ ನಗಲಿಲ್ಲ. ವೆಂಕಟರಾಮಪ್ಪನವರು ಫೈಲು ಬಿಚ್ಚಿದರು.

"ಸುಳ್ಳು ಹೇಳ್ಬೇಡಿ ಪಿಳ್ಳಣ್ಣನೋರೆ. ಮುಚ್ಚಳಿಕೇಲಿ ಬಿಳಿ ಅಂತಿದೆ. ಆರುನೂರ ಹನ್ನೆರಡು ಫೋಟೋದಲ್ಲಿ ಬಿಳಿ ಕಾಣ್ತಿದೆ. ನೀವೊಬ್ರು ನೀಲಿ ಅಂದ್ರೆ ನಾನು ಯಾರನ್ನ ನಂಬ್ಲಿ?"

"ನಮ್ಮನೆ ಪಂಚೆ ಸ್ವಾಮಿ."

"ಆಗಿತ್ತು. ಈಗ ಅದು ದಾಖಲೆ."

ಅನಿಲ್‌ಕುಮಾರ ಮೆಲ್ಲಗೆ ಅಂದ, "ಗೆರೇನ ಒಂದು ಬೆರಳು ವಾಪಸ್ ಬಿಟ್ರೆ ಸರಿಹೋಗುತ್ತೆ ಸಾರ್."

"ಬಗ್ಗಿಸೋಕೆ ಆರ್ಡರ್ ಇದೆಯಪ್ಪ. ನೆಟ್ಟಗೆ ಮಾಡೋಕೆ ಇಲ್ಲ."

ಶುಕ್ರವಾರ ತಮಟೆ ಹೊಡೆಸಿ ಸಾರಿದರು. "ಚೀಟಿಗೂ ಮುಖಕ್ಕೂ ತಾಳೆಯಾಗದಿರುವುದು ಮುಖದ ದೋಷವೆಂದು ತೀರ್ಮಾನಿಸಲಾಗಿದೆ. ಇನ್ನು ಮುಂದೆ ಸೊಸೈಟಿಗೆ ಬರುವವರು ಚೀಟಿಯಲ್ಲಿರುವಷ್ಟು ಅರಿಶಿನ ಹಚ್ಚಿಕೊಂಡು ಬರತಕ್ಕದ್ದು. ಅರಿಶಿನ ಸ್ವಂತ ಖರ್ಚಿನದು. ಸದರಿ ಪಂಚೆಯ ಬಿಳುಪು ಕೆಡದಂತೆ ಅದನ್ನು ಹಿಂದಿನಂತೆಯೇ ಒಗೆಯತಕ್ಕದ್ದು. ಈ ಬಗ್ಗೆ ತಿಂಗಳಿಗೊಂದು ಪೊಟ್ಟಣ ಬಿಳಿ ಪುಡಿ ಮಂಜೂರಾಗಿದೆ."

ಪೊಟ್ಟಣ ಬಿಚ್ಚಿ ನೋಡಿದರೆ ನೀಲಿಯೇ. ಮಾರಕ್ಕ ಅದನ್ನು ಬಕೆಟ್ಟಿನ ಪಕ್ಕ ಇಟ್ಟಳು. ಸ್ನಾನ ಮಾಡಿ ಎಂದಿನಂತೆ ಕೆನ್ನೆಗೆ ಅರಿಶಿನ ಹಚ್ಚಿಕೊಂಡವಳು ಹಾಗೇ ಕ್ಯಾನು ಹಿಡಿದು ಹೋಗಿ, ಊರಲ್ಲಿ ಮೊದಲು ಎಣ್ಣೆ ತಂದಳು. ಗಂಡಸರು ಅವಳ ಹಿಂದೆ ಸಾಲುಗಟ್ಟಿದರು. "ಎಡಗೆನ್ನೆಗೆ ಸಾಲ್ದು" ಎಂದು ಜವರಪ್ಪ ಇಬ್ಬರನ್ನು ವಾಪಸ್ ಕಳಿಸಿದ. ಅವನದೂ ಕಿವಿತನಕ ಹಳದಿಯೇ.

ಯುಗಾದಿ ಹೊತ್ತಿಗೆ ರೂಢಿಯಾಯಿತು. ಮದುವೆ ಗಂಡುಗಳು ಅರಿಶಿನ ತೊಳೆಯುವುದನ್ನೇ ಬಿಟ್ಟರು. ತನಿಖೆಗೆ ಬರಿ ಮುಖದಲ್ಲಿ ಬಂದ ವೆಂಕಟರಾಮಪ್ಪನವರನ್ನು ನೋಡಿ ಊರವರು, "ಸಾಹೇಬ್ರಿಗೆ ಮೈಯಲ್ಲಿ ಹುಷಾರಿಲ್ವೇನೋ, ಬಿಳುಚ್ಕೊಂಡವ್ರೆ" ಎಂದು ಎಳನೀರು ಕೊಟ್ಟರು.

ಪಿಳ್ಳಣ್ಣ ಒಂದು ಬೆಳಗ್ಗೆ ಮುಖಕ್ಕೆ ಹಚ್ಚಿಕೊಂಡು, ಸರ್ಕಾರ ಒಪ್ಪಿದ ಪಂಚೆಯನ್ನು ಕೆರೆ ಏರಿ ಮೇಲೆ ಹರಡಿ ಕಾಯುತ್ತ ಕೂತಿದ್ದ. ಎರಡು ಬೆಳ್ಳಕ್ಕಿ ನಿಜವಾಗಿಯೂ ಬಂದು ಪಂಚೆಯ ಅಂಚಿನಲ್ಲೇ ಇಳಿದವು. ಪಿಳ್ಳಣ್ಣ ಪಂಚೆ ನೋಡಿದ, ಹಕ್ಕಿ ನೋಡಿದ, ಮತ್ತೆ ಪಂಚೆ ನೋಡಿದ.

ಪಂಚೆಯ ಪಕ್ಕ ಬೆಳ್ಳಕ್ಕಿಗಳು ಸ್ವಲ್ಪ ಹಳದಿಯಾಗಿದ್ದವು. ಸದ್ಯ, ಇವಕ್ಕಾದರೂ ಅರಿಶಿನ ಹಚ್ಚಿಕೊಳ್ಳುವ ಕೆಲಸ ತಪ್ಪಿತು ಅಂದುಕೊಂಡ.