ನಾಕಾ ದಾಟಿದ ರೊಟ್ಟಿ

ನಿಜಾಮರ ಕಾಲದಾಗ ಅಳವಂಡಿ ಆಚೆ ಸುಂಕದ ಗಡಿನಾಕಾದಾಗ ನಾನು ಕಾರಕೂನ. ಈಚೆ ನಮ್ಮ ಸರ್ಕಾರ, ಆಚೆ ಇಂಗ್ರೇಜಿಯವರ ಮುಂಬಯಿ ಇಲಾಖೆ. ಅಲ್ಲಿ ಒಂದಿಲ್ಲೊಂದು ಫಜೀತಿ ದಿನಾ ಇದ್ದದ್ದ. ಯಾವತ್ತರ ಇರಲಿಲ್ಲಂದ್ರ ನನಗ ಇನ್ನೂ ಸಂಶಯ ಬರ್ತಿತ್ತು.

ಎರಡನೇ ಮಹಾಯುದ್ಧಕ್ಕ ಮೊದಲು ನಮ್ಮ ಸಾಹೇಬ್ರು, "ಮಾಲು ಹೊರಗ ಹೋದ್ರನ ಸರ್ಕಾರಕ್ಕ ಸುಂಕ, ಸುಂಕ ಬಂದ್ರನ ನಿನಗ ಪಗಾರ" ಅಂತಿದ್ರು. ಶೇಂಗಾ, ಹತ್ತಿ ಬಂಡಿ ಕಡಿಮಿ ಆದ್ರ ನನಗ ಬೈಗಳ. ಯುದ್ಧ ಶುರು ಆತು, ಕಾಳು ತುಟ್ಟಿ ಆತು, ಹುಕುಂ ತಿರುಗಿಬಿತ್ತು: "ಜ್ವಾಳದ ಒಂದು ಕಾಳು ಹೊರಗ ಹೋದ್ರ ನೀನೂ ನೌಕರಿಯಿಂದ ಹೊರಗ!" ನಂದು ಹಂಗಾಮಿ ನೌಕರಿ. ಕಾಯಂ ಆಗಬೇಕಂದ್ರ ಕಳ್ಳಮಾಲು ಹಿಡಿದು ತೋರಿಸಬೇಕು. ಅವತ್ತಿನಿಂದ ನನ್ನ ಕಣ್ಣಿಗೆ ಬಿದ್ದಾವರೆಲ್ಲಾ ಕಳ್ಳರ.

೧. ಬೀಜ

ಗಡಿ ಆಚೆ ಸ್ವಂತ ಹೊಲ ಇದ್ದಾವರು ಬಿತ್ತಾಕ ಬೀಜ ಒಯ್ಯಬಹುದಿತ್ತು. ಒಬ್ಬ ಮುದುಕ ವಾರಕ್ಕೊಂದು ಚೀಲ ಬೀಜದ ಜ್ವಾಳ ಒಯ್ಯಾಕ ಹತ್ತಿದ. ನಾಲ್ಕನೇ ವಾರ ನನಗ ತಡೀಲಿಲ್ಲ, ಅವನ ಹಿಂದ ಒಂದು ಹರದಾರಿ ನಡೆದು ಹೊಲ ನೋಡಿದೆ. ಎಲ್ಲೀ ಹೊಲ? ಬರೇ ಹಾಸುಗಲ್ಲು, ಒಂದು ಹುಲ್ಲುಕಡ್ಡಿ ಸೈತ ಇಲ್ಲ.

"ಏನಪಾ ಯಜಮಾನ, ಇದರಾಗ ಬಿತ್ತೀಯೇನು?" ಅಂದೆ.

ಮುದುಕ ಕಲ್ಲಿನ ಮ್ಯಾಲೆ ಕುಂತು ಉಸ್ ಅಂದ. "ಬಿತ್ತೀನ್ರಿ. ಏನ್ ಮಾಡಿದ್ರೂ ನಾಟವಲ್ದು. ಅದಕ್ಕನ ಮತ್ತ ಮತ್ತ ಒಯ್ಯಾಕತ್ತೀನಿ."

೨. ಉಡಿ

ಮಗಳನ್ನ ಗಂಡನ ಮನಿಗೆ ಕಳಸೂಮುಂದ ಸೆರಗಿನಾಗ ಕಾಳು ಹಾಕಿ ಉಡಿ ತುಂಬೂದು ನಮ್ಮ ಪದ್ಧತಿ. ತುಂಬಿದ ಉಡಿಗೆ ಯಾವ ಗಂಡಸೂ ಕೈ ಹಚ್ಚಂಗಿಲ್ಲ. ಒಂದು ಸೋಮವಾರ ಒಬ್ಬಾಕಿ ಮಗಳನ್ನ ತಬಕೊಂಡು ನಾಕಾ ಮುಂದ ಹೋ ಅಂತ ಅತ್ಲು. ಮಗಳ ಉಡಿ ಎಂಟು ತಿಂಗಳ ಬಸುರಿ ಹೊಟ್ಟಿಯಂಗ ಮುಂದ ಬಂದಿತ್ತು. ನನಗೂ ಕಣ್ಣಾಗ ನೀರು ಬಂದು, "ಹೋಗಿ ಬಾ ತಂಗಿ" ಅಂದೆ. ಗುರುವಾರ ಮತ್ತ ಅದ ತಾಯಿ, ಅದ ಮಗಳು, ಅದ ಅಳು. ಮುಂದಿನ ಸೋಮವಾರನೂ ಬಂದ್ರು.

"ಅಲ್ಲವ್ವಾ, ನಿನ್ನ ಮಗಳು ವಾರಕ್ಕ ಎರಡು ಸಲ ಗಂಡನ ಮನಿಗೆ ಹೊಕ್ಕಾಳ. ತವರಿಗೆ ವಾಪಸ್ ಬಂದದ್ದು ನಾ ಒಮ್ಮೆನೂ ನೋಡಿಲ್ಲಲ್ಲ?"

ಆಕಿ ಮೂಗು ಒರೆಸಿಕೊಂಡ್ಲು. "ಬರೂಮುಂದ ಉಡಿ ಖಾಲಿ ಇರ್ತೈತ್ರಿ. ಖಾಲಿ ಉಡಿ ಕಡೆ ನೀವು ಯಾವತ್ತು ನೋಡೀರಿ?"

೩. ರೊಟ್ಟಿ

ಹುಕುಂದಾಗ ಜ್ವಾಳ ಇತ್ತು, ಹಿಟ್ಟು ಇತ್ತು. ರೊಟ್ಟಿ ಅಂತ ಮಾತ್ರ ಬರೆದಿರಲಿಲ್ಲ. ಓದು ಬರದ ನಮ್ಮೂರ ಹೆಣ್ಮಕ್ಕಳು ಇದನ್ನ ನನಗಿಂತ ಮೊದಲ ಕಂಡುಹಿಡಿದ್ರು. ಖಡಕ್ ರೊಟ್ಟಿ ತಿಂಗಳಾದ್ರೂ ಕೆಡಂಗಿಲ್ಲ. ಬುಟ್ಟಿಗಟ್ಟಲೆ ಆಚೆ ಸಂತಿಗೆ ಹೋಗಾಕ ಹತ್ತಿದ್ವು.

ಸುದ್ದಿ ಕೊಪ್ಪಳ ಮುಟ್ಟಿ ದೊಡ್ಡ ಸಾಹೇಬ್ರು ಖುದ್ದು ಬಂದ್ರು. ಅವರ ಟೋಪಿ ಕಂಡಕೂಡ್ಲೆ ಒಬ್ಬ ಬಂಡಿಯವ ಬಂಡಿ ಬಿಟ್ಟು ಓಡೇಬಿಟ್ಟ. ಬಂಡಿಯಾಗ ಒಂದು ಬುಟ್ಟಿ ರೊಟ್ಟಿ ಸಿಕ್ಕಿತು.

"ರೊಟ್ಟಿನೂ ಜ್ವಾಳನ. ಈ ರೊಟ್ಟಿ ಬಡಿದಾಕಿ ಯಾರು ಗೊತ್ತಾದ್ರ ಖಟ್ಲೆ ಹಾಕ್ತೀನಿ" ಅಂದ್ರು ಸಾಹೇಬ್ರು.

ನನ್ನ ನಾಲಿಗಿ ಸುಮ್ಮನಿರಬೇಕಲ್ಲ! "ನಮ್ಮ ಕಡೆ ಒಬ್ಬೊಬ್ಬಾಕಿ ಕೈರುಚಿ ಒಂದೊಂದು ನಮೂನಿ ಸಾಹೇಬ್ರ. ಕಡಿದು ನೋಡಿ ಹೆಸರು ಹೇಳ್ತೀನಿ" ಅಂದೆ.

"ಹೇಳು, ನಾಳೆನ ಕಾಯಂ. ಹೇಳಲಿಲ್ಲಂದ್ರ ಇವತ್ತ ಮನಿಗೆ ನಡಿ."

ಒಂದು ಮುರಿದು ಬಾಯಾಗ ಹಾಕ್ಕೊಂಡೆ. ಅಂಚು ತೆಳ್ಳಗ, ನಡುವ ಎಳ್ಳು, ಉಪ್ಪು ಒಂದು ಚಿಟಿಕಿ ಜಾಸ್ತಿ. ಹದಿನಾಲ್ಕು ವರ್ಷ ದಿನಾ ತಿಂದ ಉಪ್ಪು ಅದು. ನನ್ನ ಹೆಂಡತಿ ಕೈ! ಊರಿಗೆ ಊರನ್ನ ಸಂಶಯ ಮಾಡಿದ್ದೆ, ನಮ್ಮ ಒಲಿ ಮುಂದ ಕುಂತಾಕಿ ಒಬ್ಬಾಕಿನ್ನ ಬಿಟ್ಟು.

"ಯಾರ ಕೈ?"

"ಒಂದರಾಗ ತಿಳಿಯಂಗಿಲ್ರಿ. ಇನ್ನೊಂದು ನೋಡ್ತೀನಿ."

ಎರಡನೇದು ತಿಂದೆ, ಮೂರನೇದು ತಿಂದೆ. ಚಟ್ನಿ ಇಲ್ಲ, ಪಲ್ಯ ಇಲ್ಲ, ದವಡಿ ಸೋತು ಹೋದ್ವು. ಆರನೇದಕ್ಕ ಸಾಹೇಬ್ರು ಕಣ್ಣು ಸಣ್ಣ ಮಾಡಿದ್ರು. "ತನಿಖೆ ಮಾಡಾಕತ್ತೀಯೋ, ಉಪವಾಸ ಬಿಡಾಕತ್ತೀಯೋ? ಕೊಡಿಲ್ಲೆ!" ಅಂತ ತಾವೊಂದು ಕಡಿದ್ರು. ಕುರುಂ ಅಂತು. ಇನ್ನೊಂದು ತಗೊಂಡ್ರು. ನಾನೊಂದು ತಿಂದ್ರ ಅವರೊಂದು.

ಬುಟ್ಟಿ ತಳ ಕಂಡ ಮ್ಯಾಲೆ ಸಾಹೇಬ್ರು ಮೀಸಿ ಒರೆಸಿಕೊಂಡು, "ಈಗ ಹೇಳು" ಅಂದ್ರು.

"ಯಾವ ರೊಟ್ಟಿದು ಹೇಳ್ಲಿ ಸಾಹೇಬ್ರ?"

ಸಾಹೇಬ್ರು ಬುಟ್ಟಿ ನೋಡಿದ್ರು, ತಮ್ಮ ಹೊಟ್ಟಿ ನೋಡಿಕೊಂಡ್ರು. ದಫ್ತರದಾಗ "ಬಂಡಿ ಖಾಲಿ ಇತ್ತು" ಅಂತ ಬರೆದು ಕುದುರಿ ಹತ್ತಿದ್ರು. ಕಾಯಂ ಆಗಲಿಲ್ಲ ಖರೆ, ನೌಕರಿ ಉಳೀತು. ದೇವರು ದೊಡ್ಡಾಂವ ಅಂದುಕೊಂಡು ಮನಿಗೆ ಬಂದೆ.

ಸಂಜಿಗೆ ಹೆಂಡತಿ ಊಟದ ಗಂಗಾಳ ಇಟ್ಲು. ರೊಟ್ಟಿ ಕಂಡಕೂಡ್ಲೆ ಗಂಗಾಳ ಆಚೆ ದೂಡಿ, "ಬ್ಯಾಡ, ಹಸಿವಿಲ್ಲ" ಅಂದೆ.

ಆಕಿ ಸೆರಗು ಸೊಂಟಕ್ಕ ಸಿಗಸಿ ನನ್ನ ಮುಖಾನ ನೋಡಿದ್ಲು. "ಹದಿನಾಲ್ಕು ವರ್ಷದಾಗ ಒಮ್ಮೆನೂ ರೊಟ್ಟಿ ಬ್ಯಾಡ ಅಂದಾವರಲ್ಲ. ಖರೇ ಹೇಳ್ರಿ, ಯಾವಾಕಿ ಕೈರೊಟ್ಟಿ ತಿಂದು ಬಂದೀರಿ?"