ಬಂದೂಕಿನ ನೆದರು

ಗುರಿ ತಾಗಲಿ ಎಂದು ಬಂದೂಕು ಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮಂಗನಿಗೆ ತಾಗದಿರಲಿ ಎಂದು ಬಂದೂಕು ಕೊಂಡವರು ನಮ್ಮ ಸೋದರಮಾವ ಒಬ್ಬರೇ! ನಗಬೇಡಿ. ಆ ಬಂದೂಕಿನ ದೆಸೆಯಿಂದ ನಾನು ಎಷ್ಟು ದಿನ ಎದೆ ಹಿಡಿದುಕೊಂಡು ಓಡಾಡಿದ್ದೇನೆ ಎಂಬುದು ನನಗೇ ಗೊತ್ತು.

ಅದು ಆಳೆತ್ತರದ ಬೇಟೆ ಬಂದೂಕೇನಲ್ಲ, ಏರ್‌ಗನ್ನು. ಗಾಳಿಯ ಒತ್ತಡದಿಂದ ಜೋಳದ ಕಾಳಿನಷ್ಟು ಸೀಸದ ಗುಂಡು ಹಾರಿಸುತ್ತದೆ. ಹಾಗೆಂದು ಅಸಡ್ಡೆ ಮಾಡುವಂತಿಲ್ಲ, ಕಣ್ಣಿಗೆ ಬಡಿದರೆ ಕಣ್ಣು ಹೋಯಿತೆಂದೇ ತಿಳಿಯಬೇಕು.

ಮಾವ ಇಳಕಲ್ಲಿನ ನೇಕಾರರು. ಬಣ್ಣ ಹಾಕಿದ ರೇಷ್ಮೆಯ ಲಡಿಗಳನ್ನು ಮಾಳಿಗೆಯ ಮೇಲೆ ಒಣಹಾಕುತ್ತಾರೆ. ಅವು ಒಣಗುವ ಮೊದಲೇ ಮಂಗಗಳು ಹಾಜರು! ಒಮ್ಮೆ ಒಂದು ಗಡವ ಮಂಗ ಕೆಂಪು ರೇಷ್ಮೆಯ ಲಡಿಯನ್ನು ಕೊರಳಿಗೆ ಹಾಕಿಕೊಂಡು ಪಕ್ಕದ ಮನೆಯ ನೀರಿನ ಟಾಕಿಯ ಮೇಲೆ ಸನ್ಮಾನಿತರ ಹಾಗೆ ಕೂತಿತ್ತು. "ಇವು ನಮ್ಮೂರಿನವಲ್ಲ," ಎಂದು ಮಾವ ತೀರ್ಪು ಕೊಟ್ಟರು. "ಬಾದಾಮಿ ಮಂಗ್ಯಾ ಇವು. ಅಲ್ಲಿ ಪ್ರವಾಸಿಗರ ಬಾಳಿಹಣ್ಣು ತಿಂದು ತಿಂದು ಬ್ಯಾಸರಾಗಿ ಬಸ್ ಹತ್ತಿ ಬಂದಾವು. ಟಿಕೀಟ ಸೈತ ತಗಸಿರಾಕಿಲ್ಲ!"

ಹೊಡೆದು ಓಡಿಸೋಣವೆಂದರೆ ಅದಕ್ಕೂ ಅಡ್ಡಿ. ತುಳಸಿಗೇರಿ ಹಣಮಪ್ಪ ಅವರ ಮನೆದೇವರು. ಮಂಗನಿಗೆ ಕಲ್ಲೆಸೆಯುವುದೂ ಒಂದೇ, ದೇವರಿಗೆ ಕಲ್ಲೆಸೆಯುವುದೂ ಒಂದೇ! ಕೊನೆಗೆ ಮಾವ ಒಂದು ಉಪಾಯ ಹೂಡಿದರು. ಬೇವಿನ ಮರದ ಟೊಂಗೆಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿದರು. ಗುಂಡು ಡಬ್ಬಿಗೆ ಬಡಿದರೆ 'ಟಣ್' ಎಂದು ಸದ್ದಾಗಬೇಕು, ಮಂಗಗಳು ಹೆದರಿ ಓಡಬೇಕು. ಆದರೆ ಮಂಗಗಳು ಕೂರುವುದೂ ಅದೇ ಟೊಂಗೆಯ ಮೇಲೆಯೇ. ಡಬ್ಬಿಯ ಈ ಕಡೆ ಒಂದು, ಆ ಕಡೆ ಎರಡು.

"ಡಬ್ಬಿಗೆ ಬಡೀಬೇಕು, ಹಣಮಪ್ಪಗ ಬಡೀಬಾರ್ದು. ಇಷ್ಟ ಕೆಲಸ," ಎನ್ನುತ್ತಿದ್ದರು ಮಾವ. ಇಷ್ಟೇ ಕೆಲಸವಂತೆ! ಅವರು ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುರಿ ಹಿಡಿದಾಗಲೆಲ್ಲ ಕೆಳಗೆ ಅತ್ತೆ 'ಹಣಮಪ್ಪಾ' ಅನ್ನುತ್ತಿದ್ದರು. ಕಾಪಾಡೆಂದು ಬೇಡುತ್ತಿದ್ದರೋ, ಸರಿದುಕೋ ಎಂದು ಎಚ್ಚರಿಸುತ್ತಿದ್ದರೋ ಹೇಳುವುದು ಕಷ್ಟ.

ಇದರಲ್ಲಿ ನಾನೆಲ್ಲಿ ಸಿಕ್ಕಿಕೊಂಡೆ ಎಂದಿರಾ? ನಾನು ಬಾಗಲಕೋಟೆಯ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತೇನೆ. ಮಾವನಿಗೆ ಸಿಕ್ಕ ಬಂದೂಕು ತಯಾರಕರೆಲ್ಲ ಉತ್ತರದವರು, ಹಿಂದಿಯವರು. "ನನಗ ಪ್ಯಾಟಿ ಹಿಂದಿ ಬರ್ತೈತಿ. ಕಂಪನಿ ಹಿಂದಿ ಬರೂದಿಲ್ಲ. ನೀ ನಡಕ ನಿಂತು ಹೇಳು ತಂಗಿ," ಎಂದು ಮಾವ ಮೂವರಿಗೂ ಕೇಳುವ ಕಾನ್ಫರೆನ್ಸ್ ಕರೆಯಲ್ಲಿ ನನ್ನನ್ನು ನಡುವೆ ನಿಲ್ಲಿಸಿದರು. ಆ ಕಡೆ ಕಂಪನಿ, ಈ ಕಡೆ ಮಾವ, ನಡುವೆ ಬೆವರುತ್ತಾ ನಾನು.

ಮೊದಲ ಬಂದೂಕು ಒಂದು ದೊಡ್ಡ ಕಂಪನಿಯದು. ಡಬ್ಬ ಬಿಚ್ಚಿದರೆ ಮರದ ಹಿಡಿಕೆ ಸೀಳಿತ್ತು. ಫೋನ್ ಹಚ್ಚಿದೆವು. 'ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಒಂದು ಧ್ವನಿ ಹೇಳಿ, ನಮ್ಮನ್ನು ಕೊಳಲಿನ ಸಂಗೀತಕ್ಕೆ ಒಪ್ಪಿಸಿ ಹೋಯಿತು. ಅರ್ಧ ಗಂಟೆಯಾದ ಮೇಲೆ ಒಬ್ಬ ಹುಡುಗಿ ಮಾತಾಡಿದಳು. ಮಾವನಿಗೆ ಸಿಟ್ಟು!

"ಆ ಹಾಡ ಯಾಕ ಬಂದ್ ಮಾಡಿದ್ರಿ ಅಂತ ಕೇಳು ಅಕಿನ್ನ. ಅದರ ತಾಳಕ್ಕ ನಾಕು ಬೆರಳು ಸೀರಿ ನೇಯ್ದಿದ್ದೆ."

ಹದಿನೈದು ದಿನಕ್ಕೆ ಕಂಪನಿಯಿಂದ ಪಾರ್ಸೆಲ್ ಬಂತು. ಒಳಗೆ ಬೇರೆ ಯಾವುದೋ ಬಂದೂಕಿನ ಟ್ರಿಗರ್ ಇತ್ತು. ಮತ್ತೆ ಫೋನು, ಮತ್ತೆ ಕೊಳಲು. ಎರಡನೇ ಪಾರ್ಸೆಲ್ಲಿನಲ್ಲಿ ಗ್ರಾಹಕರ ತಾಳ್ಮೆಗೆ ಮೆಚ್ಚಿ ಕಳಿಸಿದ ಉಡುಗೊರೆ ಇತ್ತು, ಕಂಪನಿಯ ಹೆಸರು ಬರೆದ ಒಂದು ಟೋಪಿ! ಮಾವ ಅದನ್ನು ತಲೆಗೇರಿಸಿಕೊಂಡು ಓಣಿಯಲ್ಲೆಲ್ಲ ಸುತ್ತಾಡಿ, "ನೋಡ್ರಪಾ, ಮಂದಿಗೆ ಬಾಯಿಲೆ ಟೊಪಿಗಿ ಹಾಕ್ತಾರ. ನನಗ ಖರೇನ ಹಾಕ್ಯಾರ!" ಎಂದು ತೋರಿಸಿಕೊಂಡು ಬಂದರು. ಆಮೇಲೆ ಫೋನಿನಲ್ಲಿ ಆ ಕಂಪನಿಯ ಏಳು ತಲೆಮಾರನ್ನು ತೊಳೆದರು. ನಾನು ಅದನ್ನು ಹಿಂದಿಗೆ ತಂದೆ: 'ಮಾನ್ಯರೇ, ತಮ್ಮ ಸೇವೆಯಲ್ಲಿ ಅಲ್ಪ ಲೋಪ ಕಂಡುಬಂದಿದೆ.'

"ನಾ ಇಷ್ಟುದ್ದ ಬೈದೆ, ನೀ ಇಷ್ಟ ಹೇಳಿದಿ?"

"ಹಿಂದಿಯೊಳಗ ಬೈಗಳ ಸಣ್ಣು ಇರ್ತಾವ ಮಾವಾ."

ನೋಡಿ, ನನ್ನ ಚಟ ಶುರುವಾದದ್ದು ಅಲ್ಲಿಂದ. ಯಾರ ಮಾತನ್ನೂ ಇದ್ದಂತೆ ದಾಟಿಸದೆ, ಕಹಿಯನ್ನು ಸೋಸಿ ಸಿಹಿ ಬೆರೆಸುವ ಚಟ. ಜಗಳ ತಪ್ಪಿತಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಎರಡನೆಯ ತಯಾರಕ ಸಿಕ್ಕದ್ದು ಯಾರದೋ ಮಾತಿನ ಮೇಲೆ. ಸಣ್ಣ ಕಾರ್ಖಾನೆ. ಮಾಲೀಕನೂ ಅವನೇ, ಕೆಲಸಗಾರನೂ ಅವನೇ, ಫೋನ್ ಎತ್ತುವವನೂ ಅವನೇ. ಮಾವ ಅವನಿಗೆ 'ಉಸ್ತಾದ' ಎಂದು ಹೆಸರಿಟ್ಟರು. ಅವನು ಮಾವನ ತೋಳಿನ ಉದ್ದ ಕೇಳಿದ, ಭುಜದ ಅಗಲ ಕೇಳಿದ, ಬಲಗೈಯೋ ಎಡಗೈಯೋ ಕೇಳಿದ. "ಏನಲೇ ಇವ, ಬಂದೂಕ ಮಾಡ್ತಾನೋ ಅಂಗಿ ಹೊಲಿತಾನೋ!" ಎಂದು ನಕ್ಕರೂ ಮಾವನಿಗೆ ಒಳಗೊಳಗೇ ಖುಷಿ. ಬಂದೂಕು ಬಂತು. ಹಳೆಯ ಪಂಚೆಯಲ್ಲಿ ಕೂಸಿನ ಹಾಗೆ ಸುತ್ತಿದ್ದ. ಜೊತೆಗೆ ಒಂದು ಕಾಗದ. ಅವನೇ ಐದು ಸಲ ಹಾರಿಸಿ ಪರೀಕ್ಷೆ ಮಾಡಿದ್ದ. ಐದು ಗುಂಡಿಗೂ ಸೇರಿ ಒಂದೇ ತೂತು! ಮಾವ ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಮಗ್ಗದ ಎದುರಿನ ಗೋಡೆಗೆ, ಬಸವಣ್ಣನ ಪಟದ ಪಕ್ಕದಲ್ಲೇ ತೂಗುಹಾಕಿದರು.

ಒಂದು ವರ್ಷ 'ಟಣ್' ಎಂಬ ಸದ್ದು ತಪ್ಪಲಿಲ್ಲ. ಆಮೇಲೆ ತಪ್ಪತೊಡಗಿತು. ಐದಕ್ಕೆ ಒಂದು ಹುಸಿ, ಆಮೇಲೆ ಎರಡು, ಆಮೇಲೆ ಮೂರು. ಮಾವ ಬಂದೂಕನ್ನು ಉಸ್ತಾದನಿಗೆ ಕಳಿಸಿದರು. ಅವನು ಎಣ್ಣೆ ಹಾಕಿ, ಒರೆಸಿ, ಪರೀಕ್ಷೆ ಮಾಡಿ, ಮತ್ತೊಂದು ಕಾಗದದೊಂದಿಗೆ ಮರಳಿಸಿದ. ಐದು ಗುಂಡು, ಒಂದೇ ತೂತು. ಇಳಕಲ್ಲಿಗೆ ಬಂದು ಮುಟ್ಟಿದ್ದೇ ತಡ, ಮತ್ತೆ ಹುಸಿ! ಮತ್ತೆ ಕಳಿಸಿದರು, ಮತ್ತೆ ಬಂತು.

ಅದೇ ದಿನಗಳಲ್ಲಿ ಅತ್ತೆಯ ಫೋನುಗಳೂ ವಿಚಿತ್ರವಾಗಿದ್ದವು. "ನಿಮ್ಮ ಮಾವ ಬಾಗಲಕ್ಕ ಬೈಯಾಕತ್ತಾರವಾ. ಬಲಗಡಿ ಭುಜಕ್ಕ ದಿನಾ ಬಡೀತೈತಂತ. ಮೂವತ್ತು ವರ್ಷ ಸುಮ್ಮನಿದ್ದ ಬಾಗಲ ಈಗ ಯಾಕ ಬಡೀತೈತಿ?" ಬಲಕ್ಕೆ ಇಟ್ಟ ಚಹಾದ ಕಪ್ಪು ಉರುಳುತ್ತಿತ್ತು, ತಪ್ಪು ಅತ್ತೆಯದಾಗುತ್ತಿತ್ತು. ನಾನು ನಕ್ಕು ಫೋನ್ ಇಟ್ಟೆ. ಹೌದು, ನಕ್ಕೆ.

ಮೂರನೇ ಸಲ ಫೋನ್ ಹಚ್ಚಿದಾಗ ಮಾವ ಗುಡುಗಿದರು: "ನೆದರು ಸರಿ ಇಲ್ಲ ಅಂತ ಹೇಳು ಅವಂಗ!" ನಮ್ಮ ಕಡೆ ಬಂದೂಕಿನ ಗುರಿಗೂ ನೆದರು, ನೋಟಕ್ಕೂ ನೆದರು, ದೃಷ್ಟಿ ತಾಗಿದರೆ ಅದೂ ನೆದರು. ನಾನು ಆತುರದಲ್ಲಿ ಹಾಗೇ 'ನಜರ್ ಸರಿಯಿಲ್ಲ' ಎಂದುಬಿಟ್ಟೆ.

ಉಸ್ತಾದ ಹಿಂದಿಯಲ್ಲಿ ಮೆಲ್ಲಗೆ ಕೇಳಿದ: "ಯಾರ ನಜರ್ ಮೇಡಂ? ಬಂದೂಕಿನದೋ, ಅವರದೋ?"

ಉತ್ತರಕ್ಕೆ ಕಾಯದೆ ಅವನೇ ಮುಂದುವರಿಸಿದ:

"ನಾನು ಬಂದೂಕನ್ನು ಮೂರು ಸಲ ನೋಡಿದೆ. ಕಬ್ಬಿಣ ಇಷ್ಟು ಬೇಗ ಮರೆಯುವುದಿಲ್ಲ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಹೊಡೆದು ನೋಡಲು ಹೇಳಿ. ತಾಗಿದರೆ ಬಂದೂಕನ್ನು ನನಗೆ ಕಳಿಸಬೇಡಿ, ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ."

"ಏನಂತಾನ?" ಎಂದರು ಮಾವ.

ಏನು ಹೇಳಲಿ? ಸೀರೆಯ ಒಡಲಿಗೂ ಸೆರಗಿಗೂ ಎಳೆಗೆ ಎಳೆ ಕೊಕ್ಕೆ ಹಾಕಿ ಜೋಡಿಸುವ ಕೊಂಡಿ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಓಣಿಯವರೆಲ್ಲ ಕೆಟ್ಟ ಕೊಂಡಿ ಹಿಡಿದುಕೊಂಡು ಬರುವುದು ಅವರ ಬಳಿಗೇ. ಕನ್ನಡಕ ಹಾಕಿಕೊಳ್ಳಿ ಎಂದದ್ದಕ್ಕೆ ಅತ್ತೆಯೊಡನೆ ಮೂರು ದಿನ ಮಾತು ಬಿಟ್ಟ ಮನುಷ್ಯ. ಅವರಿಗೆ ಕಣ್ಣಿನ ಮಾತು ಹೇಳುವುದೇ? ನನ್ನ ನಾಲಿಗೆ ಹಳೆಯ ಚಟಕ್ಕೆ ಹೊರಳಿತು.

"ಸ್ಪ್ರಿಂಗ್ ಹೊಸಾದು ಐತಂತ ಮಾವಾ. ಹೊಂದಿಕೊಳ್ಳಾಕ ಟೈಮ್ ಬೇಕಂತ."

ಮಾವ "ಹೂಂ" ಎಂದರು, ಬೈಯಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಎರಡು ತಿಂಗಳು ಆ ಸುಳ್ಳನ್ನು ಹೊತ್ತುಕೊಂಡೇ ಓಡಾಡಿದೆ. ತರಗತಿಯಲ್ಲಿ 'ಆಂಖ್ ಎಂದರೆ ಕಣ್ಣು' ಎಂದು ಹಲಗೆಯ ಮೇಲೆ ಬರೆಯುವಾಗ ಕೈ ನಿಲ್ಲುತ್ತಿತ್ತು. ಇವತ್ತು ಹೇಳುತ್ತೇನೆ ಎಂದು ಫೋನ್ ಎತ್ತುತ್ತಿದ್ದೆ, ಮಳೆ-ಬೆಳೆ ಮಾತಾಡಿ ಇಡುತ್ತಿದ್ದೆ. ಇಂಥ ಹೇಡಿಯನ್ನು ನೀವು ನೋಡಿದ್ದೀರಾ?

ಒಂದು ಶನಿವಾರ ಬೆಳಿಗ್ಗೆ ಮಾವನೇ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಹುನಗುಂದದ ಮೇಲೆ ಹಾಯ್ದು ಬರುವ ಮೊದಲ ಬಸ್ಸು ಹಿಡಿದು ಬಂದಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಟೊಂಗಿ ಮ್ಯಾಲ ಮರಿ ಕಟ್ಟಿಕೊಂಡ ತಾಯಿ ಮಂಗ್ಯಾ ಕುಂತಿತ್ತು ತಂಗಿ. ಡಬ್ಬಿಗೆ ಗುರಿ ಹಿಡಿದೆ. ಅದರ ಕಿವಿ ಹಂತ್ಯಾಕ ಎಲಿ ಹಾರಿತು. ಓಡಲಿಲ್ಲ ಅದು. ನನ್ನ ಮುಖಾನ ನೋಡ್ತು." ಕರೆದರೂ ಒಳಗೆ ಬರಲಿಲ್ಲ. "ತುಳಸಿಗೇರಿಗೆ ಕರಕೊಂಡು ನಡಿ. ತಪ್ಪಾತು ಅಂತ ಬೀಳಬೇಕು."

ಹೋದೆವು. ಮಾವ ಹಣಮಪ್ಪನ ಮುಂದೆ ಉದ್ದಕ್ಕೆ ಮಲಗಿ ಎದ್ದರು. ಹೊರಗೆ ಬಂದರೆ ಪಟಗಳ ಅಂಗಡಿ. ಗುಡ್ಡ ಹೊತ್ತು ಹಾರುವ ಹಣಮಪ್ಪನ ದೊಡ್ಡ ಪಟವೊಂದು ಎದುರಿಗೇ ಇತ್ತು. ಇನ್ನು ನನ್ನಿಂದ ತಾಳಲಾಗಲಿಲ್ಲ.

"ಮಾವಾ, ಎಡಗಣ್ಣ ಮುಚ್ಚಿ ಈ ಪಟ ನೋಡ್ರಿ."

ಮುಚ್ಚಿದರು. ನೋಡಿದರು. ಬಹಳ ಹೊತ್ತು ನೋಡಿದರು.

"ಹಣಮಪ್ಪನ ಮಾರಿ ಕಾಣ್ತೈತಿ. ಗುಡ್ಡ ಎಲ್ಲಿ? ಕೆಳಗ ಇಟ್ಟಾನೇನು?"

ಅಂಗಡಿಯವನು ನಕ್ಕ. ನಾನು ಅತ್ತುಬಿಟ್ಟೆ. ಉಸ್ತಾದ ಹೇಳಿದ್ದನ್ನು ಒಂದಕ್ಷರ ಬಿಡದೆ ಅಲ್ಲೇ ನಿಂತು ಹೇಳಿದೆ. ಬೈಗಳಿಗೆ ಕಾದು ತಲೆ ತಗ್ಗಿಸಿದೆ.

"ಅಂವ ಆಂಖ್ ಅಂದದ್ದು ನನಗೂ ಕೇಳಿತ್ತು," ಎಂದರು ಮಾವ. "ಇಳಕಲ್ಲ ಪ್ಯಾಟ್ಯಾಗ ಹುಟ್ಟಿದಾಂವ ನಾ. ಆಂಖ್ ಅಂದ್ರ ತಿಳೀದೇನು?"

"ಮತ್ತ ಯಾಕ ಸುಮ್ಮನಿದ್ರಿ?"

"ಭಾಷಾ ಕಲಿತಾಕಿ ನೀ. ನೀನ ಹೇಳಲಿಲ್ಲ. ಅಂದ ಮ್ಯಾಲ ಏನೂ ಇರಾಕಿಲ್ಲ ಅಂದುಕೊಂಡೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದೇ ಮಧ್ಯಾಹ್ನ ಬಾಗಲಕೋಟೆಯ ಕಣ್ಣಿನ ದವಾಖಾನೆಯಲ್ಲಿ ಡಾಕ್ಟರು ಹೇಳಿದರು: ಕಣ್ಣೊಳಗಿನ ಒತ್ತಡ ಏರಿದೆ, ಬಲಗಣ್ಣಿನಲ್ಲಿ ಹೋದ ನೋಟ ಮರಳುವುದಿಲ್ಲ, ಎಡಗಣ್ಣಿಗೂ ಈಗಷ್ಟೇ ಶುರುವಾಗಿದೆ, ದಿನವೂ ಹನಿ ಹಾಕಿದರೆ ಅದು ಉಳಿಯುತ್ತದೆ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದಂತೆ, ಬಲಗಡೆಯ ಅಂಚಷ್ಟೇ ತಪ್ಪಿಹೋಗುತ್ತದಂತೆ; ಬಾಗಿಲು ಬಡಿದದ್ದೂ ಕಪ್ಪು ಉರುಳಿದ್ದೂ ಅದಕ್ಕೇ. ಹಾಗಾಗಿ ಕಣ್ಣೆದುರಿನ ಮಗ್ಗ ಅದನ್ನು ಹೇಳಲಿಲ್ಲ. ಒಂದು ಕಣ್ಣು ಮುಚ್ಚಿಸುವ ಬಂದೂಕು ಹೇಳಿತು. "ಎರಡು ತಿಂಗಳು ಮೊದಲೇ ಬಂದಿದ್ದರೆ?" ಎಂದು ನಾನು ಕೇಳಿದೆ. "ಇದು ವರ್ಷಗಳಿಂದ ಬೆಳೆದದ್ದು. ಹಾಗೆಲ್ಲ ಕೇಳಬೇಡಿ," ಎಂದರು ಡಾಕ್ಟರು. ಅವರೂ ನನ್ನಂತೆ ಸೋಸಿ ಹೇಳಿದರೋ ಏನೋ, ಇವತ್ತಿಗೂ ನನಗೆ ಅನುಮಾನ.

ಉಸ್ತಾದನಿಗೆ ಫೋನ್ ಮಾಡಿಸಿದರು ಮಾವ. "ಬಂದೂಕ ಸರಿ ಐತಿ, ನೆದರು ನಂದು ಅಂತ ಹೇಳು." ಹೇಳಿದೆ. ಅವನು ಎಡಗಣ್ಣು ಉಳಿಯುತ್ತದೆಯೇ ಎಂದಷ್ಟೇ ಕೇಳಿ ಫೋನ್ ಇಟ್ಟ. ಒಂದು ತಿಂಗಳಾದ ಮೇಲೆ ಪಾರ್ಸೆಲ್ ಬಂತು. ಎಡಭುಜಕ್ಕೆ ಹೊಂದುವ ಹೊಸ ಹಿಡಿಕೆ, ಹಳೆಯ ಪಂಚೆಯಲ್ಲಿ ಸುತ್ತಿದ್ದು. ನಾವು ಕೇಳಿರಲೂ ಇಲ್ಲ! ಮಾವ ಅದನ್ನು ಜೋಡಿಸಿದರು. ಆದರೆ ಇನ್ನೂ ಹಾರಿಸಿಲ್ಲ. ಈಗ ಡಬ್ಬಿಗೆ ಹಗ್ಗ ಕಟ್ಟಿದ್ದಾರೆ. ಮಂಗ ಬಂದರೆ ಅತ್ತೆ ಕೆಳಗಿನಿಂದಲೇ ಜಗ್ಗುತ್ತಾರೆ. ಇಷ್ಟು ಸುಲಭದ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಕೇಳಿದರೆ, "ಹೊಳದಿತ್ತವಾ, ನನ್ನ ಮಾತು ಯಾರು ಕೇಳ್ತಾರ?" ಎನ್ನುತ್ತಾರೆ ಅತ್ತೆ.

ಕಳೆದ ಭಾನುವಾರ ಹೋಗಿದ್ದೆ. ಮಾವ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ನಾನು ಯಾವಾಗಲೂ ಕೂರುವ ಎಡಗಡೆಯ ಮಣೆಯತ್ತ ಹೋದೆ.

"ಅಲ್ಲಿ ಬ್ಯಾಡ, ಬಲಗಡಿ ಕುಂದ್ರು," ಎಂದರು. "ಆ ಕಡಿ ಎಳಿ ಹರದ್ರ ನನಗ ಲಗೂನ ಕಾಣೂದಿಲ್ಲ. ನೀ ನೋಡಿ ಹೇಳು."

ಕೂತೆ. ಲಾಳಿ ಎರಡು ಸಲ ಓಡಿತು. ಮಾವ ನನ್ನತ್ತ ತಿರುಗದೆಯೇ ಅಂದರು: "ತಂಗಿ, ಹಿಂದಿ ಮಾಡಿ ಹೇಳಬ್ಯಾಡ ಮತ್ತ. ಹರದದ್ದು ಹರದೈತಿ ಅಂತನ ಹೇಳು."

ಸ್ವಲ್ಪ ಹೊತ್ತಿಗೆ ಬಲ ಅಂಚಿನಲ್ಲಿ ಒಂದು ಕೆಂಪು ಎಳೆ ಹರಿಯಿತು.

"ಮಾವಾ, ಹರೀತು."

"ಎಲ್ಲಿ?"

ನಾನು ಅವರ ಬೆರಳು ಹಿಡಿದು ಅಲ್ಲಿಗೆ ಮುಟ್ಟಿಸಿದೆ.